ಸರ್ವರಿನ ಮುಹೂರ್ತ

ನಮ್ಮೂರ ಹಾಲಿನ ಸಂಘದ ಸರ್ವರ್ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕಿದವಳು ನನ್ನ ಮಗಳು ಅರುಂಧತಿ. ಅವಳು ತೀರಿಕೊಂಡು ವರ್ಷವಾಯಿತು. ಅವಳು ಹಾಕಿದ್ದು ತೀರ ಹಳೆಯದಾಗಿದ್ದರೆ ಅಳಿಸಿ ಹೊಸದು ಹಾಕಲು ಮದ್ದೂರಿನಿಂದ ವೀಣ ಬಂದಿದ್ದಳು. ಮಗಳ ಕೈಕೆಲಸ ಉಳಿಯಲೆಂದು ನಾನು ಮನಸ್ಸಿನಲ್ಲೇ ದೇವರನ್ನು ಬೇಡುತ್ತಿದ್ದೆ.

"ಯಾವಾಗ ಆಕಿದ್ದು ಅಜ್ಜ?"

"ಒಂದು ಬುಧವಾರ ಬೆಳಿಗ್ಗೆ ಕಣವ್ವ. ಮುತ್ತತ್ತಿರಾಯನ ಕುಂಕುಮ ಇಟ್ಟು ನಾನೇ ಪೂಜೆ ಮಾಡಿದ್ದೆ. ಅವಳು ಗುಂಡಿ ಒತ್ತಿದ ತಕ್ಷಣ ಓಡ್ತು."

ವೀಣ ಏನೋ ಟೈಪ್ ಮಾಡಿದಳು. ಪರದೆಯ ಮೇಲೆ ತಾರೀಖು, ಗಂಟೆ ಮೂಡಿದವು. ಅವಳು ಕಿಸಕ್ಕನೆ ನಕ್ಕಳು.

"ಮುಂಚಿನ್ ದಿನ ಮಂಗ್ಳಾರ ನಾಲ್ಕು ಗಂಟೆಗೇ ಆಕವ್ರೆ ಕಣಜ್ಜ, ರಾವುಕಾಲ್ದಲ್ಲಿ! ನಿಮ್ಮುಂದೆ ಬರೀ ಆನ್ ಮಾಡವ್ರೆ. ಬಾಳ ಅಳೇದಾಯ್ತು, ಅಳಿಸ್ಲೇಬೇಕು."

ಪೂಜೆಯ ಹೊತ್ತಿಗೆ ಯಂತ್ರ ಕೈಕೊಟ್ಟರೆ ನಾನು ನೊಂದುಕೊಳ್ಳುವೆನೆಂದು ಮಗಳು ಎಲ್ಲವನ್ನೂ ಮೊದಲೇ ಮುಗಿಸಿ, ಏನೂ ಅರಿಯದವಳಂತೆ ಕೈಮುಗಿದು ನಿಂತಿದ್ದಳು. ರಾಹುಕಾಲದಲ್ಲಿ ಹಾಕಿದ್ದರೂ ಅದು ಇಷ್ಟು ವರ್ಷ ಒಮ್ಮೆಯೂ ಕೆಡಲಿಲ್ಲ. "ಕಳ್ಳಿ!" ಎಂದು ಅವಳು ಕೂರುತ್ತಿದ್ದ ಕುರ್ಚಿಯತ್ತ ತಿರುಗಿದೆ. ಕುರ್ಚಿ ಖಾಲಿಯಿತ್ತು.

"ಈಗ್ಲೇ ಸುರು ಮಾಡ್ಲಾ ಅಜ್ಜ?"

"ಇವತ್ತೂ ಮಂಗಳವಾರ ಅಲ್ವೇನವ್ವ? ತಡಿ, ರಾಹುಕಾಲ ಬರ್ಲಿ. ಹೊಸದನ್ನೂ ಆಗಲೇ ಹಾಕು."

ಆ ಕುರ್ಚಿಯ ಪಕ್ಕದಲ್ಲಿ ಕೂತು ರಾಹುಕಾಲಕ್ಕೆ ಕಾದೆ.