ಎರಡನೆಯ ಕುಪ್ಪಿ

ಪೇಟೆಗೆ ಹೋಗುವ ಸಂಜೆಯ ಬಸ್ಸು ಹತ್ತಿಬಿಡಬೇಕೆಂದು ಮನೋರಿ ಬೆಳಗ್ಗೆಯೇ ನಿಶ್ಚಯಿಸಿದ್ದಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ಡಾಕ್ಟರಿದ್ದಾರೆ, ಹೆಚ್ಚು ಕೇಳದೆ ಜ್ವರವೆಂದು ಬರೆದುಕೊಡುತ್ತಾರೆ ಎಂಬುದು ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಗೊತ್ತು. ‘ಮೆಡಿಕಲ್’ ಹಾಕಿದರೆ ನಾಳೆಯ ಕೊನೆಯ ಪೇಪರಿಗೆ ಕೂರಬೇಕಾಗಿಲ್ಲ. ಮುಂದಿನ ವರ್ಷ ಕಿರಿಯರ ಜೊತೆ ಬರೆದರಾಯಿತು. ಡಿಗ್ರಿ ಒಂದು ವರ್ಷ ಹಿಂದೆ ಬೀಳುತ್ತದೆ, ಬೀಳಲಿ. ಹಿಂದಿನ ಪೇಪರಿನಲ್ಲಿ ಆದದ್ದು ಇನ್ನೊಮ್ಮೆ ಆಗುವುದಕ್ಕಿಂತ ಅದೇ ವಾಸಿ.

ಆದದ್ದು ಇಷ್ಟು. ಪ್ರಶ್ನೆಪತ್ರಿಕೆ ತಿರುಗಿಸಿದೊಡನೆ ಅವಳ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಬರಿದಾಯಿತು. ಅಕ್ಷರ ಕಾಣುತ್ತಿತ್ತು, ಅರ್ಥ ಒಳಗಿಳಿಯಲಿಲ್ಲ. ಕಿವಿಯಲ್ಲಿ ಜೀರುಂಡೆಯ ಕೂಗು. ಕೊನೆಗೆ ಏನೇನೋ ಗೀಚಿ ಎದ್ದು ಬಂದಳು. ಇಡೀ ಬ್ಯಾಚಿಗೆ ಜಾಣೆ ಎನಿಸಿಕೊಂಡವಳು ಇದನ್ನು ಯಾರ ಹತ್ತಿರ ಹೇಳಿಕೊಂಡಾಳು? ಮಾತರೆಯ ಮನೆಯಿಂದ ಅಮ್ಮ ಫೋನು ಮಾಡಿದಾಗಲೂ, “ಚೆನ್ನಾಗಾಯ್ತು” ಎಂದು ಬಾಯಿ ಮುಚ್ಚಿಸಿದ್ದಳು.

ಬಸ್ಸಿಗೆ ಮೊದಲು ಒಂದು ಕುಪ್ಪಿ ಮುಗಿಸಿಬಿಡಬೇಕಿತ್ತು. ಪರೀಕ್ಷೆಯ ಮುನ್ನ ಬಲ್ಲವರು ಬಾರದವರಿಗೆ ಹೇಳಿಕೊಡುವ ಪಾಠಕ್ಕೆ ಅಲ್ಲಿ ಕುಪ್ಪಿ ಎಂದೇ ಹೆಸರು. ಹಿಂದೆ ಕುಪ್ಪಿಯೆಂಬ ಸೀಮೆಎಣ್ಣೆ ಬುಡ್ಡಿಯ ಸುತ್ತ ಕೂತು ಓದುತ್ತಿದ್ದರಂತೆ. ಬುಡ್ಡಿ ಹೋಯಿತು, ಹೆಸರು ಉಳಿಯಿತು. ಅರ್ಥಶಾಸ್ತ್ರದ ಕುಪ್ಪಿ ಎಂದರೆ ಮನೋರಿಯದೇ. ಬರುವುದಿಲ್ಲ ಎಂದರೆ ಹಾಸ್ಟೆಲಿನ ಬಾಗಿಲಿಗೇ ಬಂದು ಕೂರುತ್ತಾರೆ.

ಕ್ಯಾಂಟೀನಿನ ಹಿಂದಿನ ಜಗಲಿಯಲ್ಲಿ ಹತ್ತಾರು ಜನ ಸೇರಿದ್ದರು. ಎದುರಿಗೇ ಕೂತವನು ಜಾನಕ. ಇದೇ ಪೇಪರಿನಲ್ಲಿ ಎರಡು ಸಲ ಬಿದ್ದು ಹಿರಿಯರ ಬ್ಯಾಚಿನಿಂದ ಇವರ ಬ್ಯಾಚಿಗೆ ಇಳಿದವನು. ಅದಕ್ಕೇ ಅವನಿಗೆ ‘ಅಜ್ಜ’ ಎಂದು ಹೆಸರಿಟ್ಟಿದ್ದರು.

“ಅಜ್ಜ, ಈ ಸಲನಾದ್ರೂ ಪಾಸಾಗ್ತೀಯೋ, ಇಲ್ಲಾ ನಮ್ಮ ಮಕ್ಕಳ ಜೊತೇಲೂ ಬರೀತೀಯೋ?” ಎಂದಳು ಮನೋರಿಯ ರೂಮಿನ ಹಂಸಮಾಲಿ, ಕೈಯಲ್ಲಿ ಚಹಾ, ಬಾಯಲ್ಲಿ ಬೆಲ್ಲದ ಚೂರು.

“ನಿನ್ನ ಮಕ್ಕಳೂ ಹೆಡ್ಡರಾಗೇ ಹುಟ್ಟಿದ್ರೆ ಜೊತೆಗೆ ಒಬ್ಬ ಬೇಕಲ್ಲ!” ಎಂದ ಅಜ್ಜ.

ಎಲ್ಲರೂ ನಕ್ಕರು. ಮನೋರಿ ನಗದೆ, ಗೋಡೆಗೊರಗಿಸಿದ್ದ ಬೋರ್ಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಎರಡು ಗೆರೆ ಎಳೆದಳು. ತೆರಿಗೆಯ ಪಾಠ ಶುರುವಾಯಿತು. ಕಣ್ಣು ಆಗಾಗ ರಸ್ತೆಯ ಕಡೆ ಹೋಗುತ್ತಿತ್ತು.

“ಒಂದ್ನಿಮಿಷ ತಂಗಿ,” ಎಂದ ಅಜ್ಜ. “ತೆಂಗಿನಕಾಯಿ ಮೇಲೆ ಸರ್ಕಾರ ತೆರಿಗೆ ಹಾಕಿದ್ರೆ ಕಟ್ಟೋನು ಅಂಗಡಿಯವನು ತಾನೆ? ಮತ್ತೆ ಬರಿದಾಗೋದು ನಮ್ಮಮ್ಮನ ಚೀಲ ಯಾಕೆ?”

ನೂರು ಸಲ ಉತ್ತರಿಸಿದ ಪ್ರಶ್ನೆ. ಮನೋರಿ ಬಾಯಿ ತೆರೆದಳು. ಏನೂ ಬರಲಿಲ್ಲ. ಕಿವಿಯಲ್ಲಿ ಜೀರುಂಡೆ ಶುರುವಾಯಿತು. ತಾನೇ ಎಳೆದ ಗೆರೆಗಳು ಯಾರೋ ಮಗು ಗೀಚಿದಂತೆ ಕಂಡವು. ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

“ಏನಾಯ್ತೇ?” ಹಂಸಮಾಲಿ ಎದ್ದು ನಿಂತಳು.

“ನಾಳೆ ನಾನು ಬರಲ್ಲ. ಮೆಡಿಕಲ್ ಹಾಕ್ತೀನಿ. ಹೋದ ಪೇಪರಲ್ಲೂ ಹೀಗೇ ಆಯ್ತು,” ಎಂದುಬಿಟ್ಟಳು ಮನೋರಿ. ಇಷ್ಟು ದಿನ ಕಟ್ಟಿಟ್ಟದ್ದು ಒಂದೇ ಉಸಿರಿಗೆ ಹೊರಬಿದ್ದಿತ್ತು.

ನಗುತ್ತಾರೆಂದು ಅವಳು ತಲೆ ತಗ್ಗಿಸಿದಳು. ಯಾರೂ ನಗಲಿಲ್ಲ. ಮೂಲೆಯಿಂದ ಯಾರೋ, “ಅಯ್ಯೋ, ನಿನಗೂನಾ?” ಎಂದರು, ಏನೋ ಸಮಾಧಾನ ಸಿಕ್ಕವರಂತೆ.

ಅಜ್ಜ ಎದ್ದು ಪೆನ್ನು ಹೆಕ್ಕಿಕೊಂಡ. “ಕೂತ್ಕೋ ತಂಗಿ. ಇನ್ನು ಎರಡನೇ ಕುಪ್ಪಿ. ವಿಷಯ, ತಲೆ ಖಾಲಿಯಾಗೋದು. ಇದ್ರಲ್ಲಿ ನಾನು ಪ್ರೊಫೆಸರು.”

“ಅಜ್ಜ, ಹುಡುಗಾಟ ಬೇಡ,” ಎಂದಳು ಹಂಸಮಾಲಿ.

“ಹುಡುಗಾಟ ಅಲ್ವೇ. ಮೊದಲನೇ ಸಲ ನಾನೂ ಮೆಡಿಕಲ್ ಹಾಕಿದೋನೇ. ಆ ದಿನ ಎಷ್ಟು ಹಾಯಾಗಿತ್ತು ಅಂತೀಯ! ಆದ್ರೆ ಹೆದರಿಕೆ ಎಲ್ಲೂ ಹೋಗಲಿಲ್ಲ. ವರ್ಷವಿಡೀ ನನ್ನ ಹೊಟ್ಟೇಲೇ ಬಿಟ್ಟಿ ಬಿಡಾರ ಹೂಡ್ತು, ಉಂಡು ದಪ್ಪ ಆಯ್ತು. ಆಮೇಲೆ ಎರಡು ಸಲ ಅದೇ ನನ್ನ ಬೀಳಿಸ್ತು.” ಮನೋರಿಯ ಕಡೆ ತಿರುಗಿದ. “ಖಾಲಿ ಆದ್ರೆ ಆಗ್ಲಿ, ಗುದ್ದಾಡಬೇಡ. ಮೊದ್ಲು ನಿನ್ನ ಪರೀಕ್ಷೆಯ ಇಂಡೆಕ್ಸ್ ನಂಬರನ್ನ ಮುತ್ತು ಪೋಣಿಸಿದ ಹಾಗೆ ಬರಿ. ನೀರು ಕುಡಿ. ಯಾರಾದ್ರೂ ಇನ್ನೊಂದು ಹಾಳೆ ಕೇಳಿದ್ರೆ ತಲೆ ಎತ್ತಬೇಡ. ಅದೊಂದೇ ಸಾಕು ಮನುಷ್ಯನ್ನ ಸಾಯಿಸೋಕೆ. ನಾನು ಇವತ್ತಿನವರೆಗೆ ಇನ್ನೊಂದು ಹಾಳೆ ಕೇಳಿಲ್ಲ, ಕೇಳಿದೋರನ್ನ ನೋಡ್ತಾ ಕೂತೇ ಬಿದ್ದೆ.”

“ಬರೆಯೋದೇನು? ಒಳಗೇನೂ ಇರಲ್ವಲ್ಲ,” ಎಂದಳು ಮನೋರಿ.

“ನೀನು ಬರೆಯೋದು ಪ್ರೊಫೆಸರಿಗೆ. ಹೆದರಿಕೆ ಆಗದೆ ಇನ್ನೇನು? ನಾಳೆ ನನಗೆ ಬರಿ. ಇಲ್ಲೊಬ್ಬ ದಡ್ಡ ಕೂತಿದಾನೆ, ಇವನಿಗೆ ತಿಳೀಬೇಕು ಅಂತ ಬರಿ. ಈಗ ಹೇಳು, ನಮ್ಮಮ್ಮನ ಚೀಲ ಯಾಕೆ ಬರಿದಾಯ್ತು?”

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮನೋರಿ ಏಳಲಿಲ್ಲ. ಧೈರ್ಯ ಬಂತೆಂದಲ್ಲ, ಅಜ್ಜ ಉತ್ತರಕ್ಕೆ ಕಾಯುತ್ತಿದ್ದ. ಬಸ್ಸು ತಿರುವಿನಲ್ಲಿ ಏದುಸಿರು ಬಿಡುತ್ತ ಇಳಿದುಹೋಯಿತು.

“ನಿಮ್ಮಮ್ಮ... ಕಾಯಿ ಇಲ್ಲದೆ ಅಡಿಗೆ ಮಾಡ್ತಾರಾ?” ಎಂದಳು ನಿಧಾನವಾಗಿ.

“ಪ್ರಾಣ ಹೋದ್ರೂ ಇಲ್ಲ. ಕಾಯಿತುರಿಯ ಸಂಬೋಲ ಇಲ್ಲದೆ ನಮ್ಮಪ್ಪ ಬ್ರೆಡ್ ಮುಟ್ಟಲ್ಲ.”

“ಅದಕ್ಕೇ. ಅಂಗಡಿಯವನು ಬೆಲೆ ಏರಿಸಿದ್ರೂ ಅವರು ಕೊಳ್ಳಲೇಬೇಕು. ಯಾರಿಗೆ ಬಿಡೋಕಾಗಲ್ವೋ ಅವರ ಹೆಗಲಿಗೇ ಹೊರೆ.”

“ಹ್ಞಾಂ, ತಿಳೀತು!” ಎಂದ ಅಜ್ಜ. ನಿಜವಾಗಿಯೂ ತಿಳಿದಿದ್ದುದು ಮುಖದಲ್ಲಿ ಕಾಣುತ್ತಿತ್ತು.

ಮರುದಿನ ಬೆಳಗ್ಗೆ ಹಂಸಮಾಲಿ ಅನ್ನ ಬೇಯಿಸುವ ಕುಕ್ಕರಿನಲ್ಲೇ ಶುಭಕ್ಕೆಂದು ತೆಂಗಿನಹಾಲಿನ ಕಿರಿಬತ್ ಮಾಡಿ ಮನೋರಿಯ ಬಾಯಿಗೆ ಎರಡು ತುತ್ತು ತುರುಕಿದಳು. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅಜ್ಜ ಸಿಕ್ಕ. ಅವನ ತುಟಿಯೂ ಒಣಗಿತ್ತು.

ಪ್ರಶ್ನೆಪತ್ರಿಕೆ ತಿರುಗಿಸಿದಳು. ಬಂದೇಬಂತು. ಅಕ್ಷರಗಳು ಇರುವೆಗಳಾದವು, ಜೀರುಂಡೆ ಕೂಗಿತು. ಪಕ್ಕದವಳ ಪೆನ್ನು ಆಗಲೇ ಸರಸರ ಓಡುತ್ತಿತ್ತು. ಎದ್ದು ಹೋಗಿಬಿಡಲೇ? ಬಾಗಿಲು ತೆರೆದೇ ಇತ್ತು.

ಇಂಡೆಕ್ಸ್ ನಂಬರನ್ನು ಒಂದೊಂದೇ ಅಂಕಿಯಾಗಿ ಬರೆದಳು. ನೀರು ಕುಡಿದಳು. ಮಣಿಕಟ್ಟಿಗೆ ಅಮ್ಮ ರಕ್ಷೆಗೆಂದು ಕಟ್ಟಿದ್ದ, ಮಂತ್ರಿಸಿದ ಪಿರಿತ್ ನೂಲು ಬೆವರಿಗೆ ಅಂಟಿಕೊಂಡಿತ್ತು. ತೆರಿಗೆ ಎಂಬ ಒಂದು ಪದ ಮಾತ್ರ ಕಣ್ಣಿಗೆ ಬಿತ್ತು. ಬೇರೆಲ್ಲ ಬಿಟ್ಟು, ‘ಒಬ್ಬ ತಾಯಿ ತೆಂಗಿನಕಾಯಿ ಕೊಳ್ಳಲು ಸಂತೆಗೆ ಹೋದಳೆನ್ನೋಣ’ ಎಂದು ಬರೆದಳು. ಪ್ರೊಫೆಸರು ನಗಬಹುದು, ನಗಲಿ. ಎರಡನೆಯ ವಾಕ್ಯ ಮೊದಲನೆಯದರ ಸೆರಗು ಹಿಡಿದು ಬಂತು. ಮೂರನೆಯದು ತಡವರಿಸಿತು, ಬಂತು. ಜೀರುಂಡೆ ನಿಲ್ಲಲಿಲ್ಲ, ಅದರ ಜೊತೆಗೇ ಬರೆದಳು.

ಎಷ್ಟೋ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಯಾರೋ ಗಂಟಲು ಸರಿಪಡಿಸಿಕೊಂಡರು.

“ಸರ್, ಇನ್ನೊಂದು ಹಾಳೆ.”

ಆ ದನಿ ಅಜ್ಜನದು. ತಲೆ ಎತ್ತಬೇಡ ಎಂದವನೂ ಅವನೇ. ಮನೋರಿ ತುಟಿ ಕಚ್ಚಿಕೊಂಡಳು, ತಲೆ ಎತ್ತಲಿಲ್ಲ.