ಹಗ್ಗ ಹಿಡಿದ ವಿಶ್ರಾಂತಿ

ಹಗ್ಗವನ್ನು ಸೊಂಟಕ್ಕೆ ಆನಿಸಿಕೊಂಡು, ಹಿಮ್ಮಡಿಯನ್ನು ಮರಳಿಗೆ ಊರಿ ಹಿಂದೆ ಹಿಂದೆ ಸರಿಯುತ್ತಿದ್ದ ಪ್ರೇಕ್ಷಾ ಧಪ್ಪನೆ ಕೂತುಬಿಟ್ಟಳು. ದಂಡೆಯಿಂದ ಎಲ್ಲರೂ ಸೇರಿ ಎಳೆಯುವ ರಂಪಣಿ ಬಲೆ ಇನ್ನೂ ನೀರಲ್ಲೇ ಇತ್ತು. ಉಳಿದವರು ಹಗ್ಗ ಬಿಡುವಂತಿರಲಿಲ್ಲ, ಎಳೆಯುತ್ತಲೇ ನಕ್ಕರು.

"ಓಡೂ ಹುಡುಗಿಗೆ ಹಗ್ಗ ಎಳೂಕೆ ಆಗೂದಿಲ್ವೇನೆ?" ಎಂದಳು ಬೇಬಿ ಚಿಕ್ಕಿ.

ಪ್ರೇಕ್ಷಾಗೆ ನಗು ಬರಲಿಲ್ಲ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಅದೇ ಹಳೆಯ ನೋವು, ಈಗ ಇನ್ನೂ ಜೋರು. ಕಾಲೇಜು ತಂಡದ ಆಯ್ಕೆ ಓಟ ಮುಂದಿನ ತಿಂಗಳು. ಕೋಚ್ ಗುರುಪ್ರಸಾದ ಸರ್ ವಿಶ್ರಾಂತಿ ತಗೋ ಎಂದಿದ್ದರು, ಅವಳು ತೆಗೆದುಕೊಂಡೂ ಇದ್ದಳು. ಕಾಲು ಮಾತ್ರ ಮಾತು ಕೇಳಿರಲಿಲ್ಲ. ಎಲುಬೇ ಬಿರಿದಿದ್ದರೆ ಈ ವರ್ಷದ ಓಟ ಮುಗಿದ ಹಾಗೆ.

ಮರುದಿನ ಕಾರವಾರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಲುಬಿಗೆ ಏನೂ ಆಗಿಲ್ಲ. ಕಾಲು ದಣಿದಿದೆ, ಅಷ್ಟೆ."

ಅಬ್ಬಾ! ಜೊತೆಗೆ ಬಂದಿದ್ದ ಗುರುಪ್ರಸಾದ ಸರ್ ಹೊರಗೆ ಬರುತ್ತಲೇ ಹಿಡಿದುಕೊಂಡರು. "ನಿಜ ಹೇಳು, ಕದ್ದು ಓಡಿದ್ಯಾ?"

"ದೇವ್ರಾಣೆ ಇಲ್ಲ ಸರ್."

"ಮತ್ತೆ ದಿನಾ ಎಂತ ಮಾಡ್ತಿದ್ದೆ?"

"ಸುಮ್ನೇ ಇದ್ದೆ. ಬಲೆ ಎಳೀತಿದ್ದೆ."

"ಅದು ಸುಮ್ನೆ ಇರೂದಾ ಮಾರಾಯ್ತಿ?"

ಅವಳ ಊರಾದ ಕೇಣಿಯಲ್ಲಿ ಅದು ಸುಮ್ಮನೆ ಇರುವುದೇ. ಬಲೆ ಬಿಟ್ಟ ದಿನ ದಂಡೆಯಲ್ಲಿ ನಿಂತವರೆಲ್ಲ ಹಗ್ಗಕ್ಕೆ ಕೈಹಚ್ಚುತ್ತಾರೆ, ಕೈಹಚ್ಚಿದವರಿಗೆ ಮೀನಿನ ಪಾಲು. ಅದನ್ನು ದುಡಿಮೆಯೆಂದು ಯಾರೂ ಎಣಿಸುವುದಿಲ್ಲ. ಕೈಕಟ್ಟಿ ನಿಂತರೆ ಮಾತ್ರ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಅಷ್ಟೂ ದಿನ ಬಲೆಯ ಭಾರವೆಲ್ಲ ಇದೇ ಕಾಲಿಗೆ ಬೀಳುತ್ತಿತ್ತೆಂದು ಹೊಳೆದು ಪ್ರೇಕ್ಷಾಗೆ ನಗು ತಡೆಯಲಾಗಲಿಲ್ಲ.

"ನಗಬೇಡ. ಓಡೂದೂ ಬೇಡ, ಎಳೆಯೂದೂ ಬೇಡ. ಮನೇಲಿ ಬಿದ್ಕೋ. ಹಾಗಾದ್ರೆ ಆಯ್ಕೆಗೆ ನೀನು ಓಡ್ತೆ."

ಊರಿಗೆ ಮರಳಲು ಅಂಕೋಲೆಯ ಬಸ್ಸಿನಲ್ಲಿ ಕೂತವಳಿಗೆ ದಾರಿಯಲ್ಲಿ ಅವರ್ಸಾ ದಾಟಿದ್ದೂ ತಿಳಿಯಲಿಲ್ಲ. ಸ್ಟ್ಯಾಂಡಿನಲ್ಲಿ ಕಂಡಕ್ಟರನೇ ಎಬ್ಬಿಸಬೇಕಾಯಿತು. ಮೈಯೆಲ್ಲ ಹಗುರ.

ಮರುದಿನ ಬಿಸಿಲು ಚಾಪೆಗೆ ಬಂದರೂ ಅವಳು ಏಳಲಿಲ್ಲ. ದಂಡೆಯಿಂದ ಕೂಗು ಕೇಳಿತು, ಮಗ್ಗುಲು ಬದಲಿಸಿದಳು. ಬೇಬಿ ಚಿಕ್ಕಿ ಮೀನಿನ ಬುಟ್ಟಿಯೊಂದಿಗೆ ಬಾಗಿಲಿಗೇ ಬಂದಳು.

"ಇನ್ನೂ ಮಲ್ಕಂಡೇ ಇದ್ಯೇನೆ? ಓಡೂದ್ ಬ್ಯಾಡ, ಹಗ್ಗ ಬ್ಯಾಡ, ಸರಿ. ಬುಟ್ಟಿ ಹೊತ್ಕಂಡು ಪ್ಯಾಟಿಗೆ ಬಾ. ಭಾರ ತಲೆ ಮೇಲಲ್ವಾ? ಕಾಲಿಗೆಂತ ಆಗ್ತದೆ?"

"ಬರೂದಿಲ್ಲ ಚಿಕ್ಕಿ."

"ಸಣ್ಣ ಬುಟ್ಟಿಯೇ. ಬರ್ತಾ ಬಿಸಿ ನೀರುಳ್ಳಿ ಬಜೆ ಕೊಡಿಸ್ತೆ."

ಪ್ರೇಕ್ಷಾ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು.

"ಬರೂದಿಲ್ಲ ಅಂದ್ರೆ ಬರೂದಿಲ್ಲ."