ಗಲಾಟೆ ಮಾಡದ ತರಗತಿ

ಶಿಕ್ಷಕರಿಗೆ ಪಾಠ ಯೋಜಿಸಲು ನೆರವಾಗುವುದು ನನ್ನ ಕೆಲಸ. ಪುಸ್ತಕದ ಪುಟಗಳನ್ನು ಒಂದರ ಹಿಂದೊಂದು ಒಪ್ಪಿಸಬೇಡಿ, ಒಂದು ದೊಡ್ಡ ಪರಿಕಲ್ಪನೆ ಹಿಡಿದು ಅದರ ಸುತ್ತ ಪಾಠ ಕಟ್ಟಿ ಎಂದು ಶಾಲೆಯಿಂದ ಶಾಲೆಗೆ ಹೋಗಿ ಹೇಳುತ್ತೇನೆ. ಹೇಳಿ ಸಂಜೆ ಮನೆಗೆ ಹೋಗುವವಳು ನಾನು, ಮರುದಿನ ಮಕ್ಕಳ ಮುಂದೆ ನಿಲ್ಲುವವರು ಅವರು. ಇದನ್ನು ಯಾರಾದರೂ ಮುಖದ ಮೇಲೆ ಹೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ, ಏಕೆಂದರೆ ಅದು ನಿಜ.

ಈ ಸಲ ನೆರವು ಬೇಕಾಗಿದ್ದದ್ದು ನನ್ನ ಅತ್ತಿಗೆಗೆ. ನಾನು ಎರಡು ಜಡೆ ಹಾಕುತ್ತಿದ್ದ ಕಾಲಕ್ಕೆ ಅಣ್ಣನ ಕೈಹಿಡಿದು ಬಂದವಳು, ಹಾಗಾಗಿ ನಮ್ಮಿಬ್ಬರದು ನೀನು ಎನ್ನುವ ಸಲುಗೆ. ಆರನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ಅಣ್ಣನ ಅಂಗಡಿ ಮುಚ್ಚಿದ ಮೇಲೆ ಮನೆ ನಡೆಯುವುದು ಅವಳ ಸಂಬಳದಿಂದಲೇ. ಅವಳ ಶಾಲೆಯಲ್ಲಿ ಈಗ ಹೊಸ ಪದ್ಧತಿ: ಹೊರಗಿನಿಂದ ಪರಿಶೀಲಕಿಯೊಬ್ಬರು ಬಂದು ಪಾಠ ನೋಡುತ್ತಾರೆ. ಅವರು ಎರಡು ಸಲ ಸಾಲದು ಎಂದರೆ ಮುಂದಿನ ವರ್ಷ ಕೆಲಸವಿಲ್ಲ. ಅತ್ತಿಗೆಗೆ ಒಂದು ಸಲ ಆಗಲೇ ಸಾಲದು ಎಂದಾಗಿತ್ತು. ಪ್ರಶ್ನೆಯನ್ನೂ ಅವರೇ ಕೇಳಿದರು, ಉತ್ತರವನ್ನೂ ಅವರೇ ಹೇಳಿದರು ಎಂಬುದು ಪರಿಶೀಲಕಿಯ ದೂರು. ಸುಳ್ಳೇನಲ್ಲ. ಮನೆಯಲ್ಲೂ ಹಾಗೆಯೇ, ನಾನು ಬಾಯಿ ತೆರೆಯುವ ಮೊದಲೇ ನನ್ನ ತಲೆನೋವನ್ನು ಪತ್ತೆ ಹಚ್ಚಿ ಮಾತ್ರೆ ಕೊಟ್ಟು ಮಲಗಿಸಿಬಿಡುತ್ತಾಳೆ.

ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತೆವು. ಪಾಠ, ವಸ್ತುಗಳಲ್ಲಿ ಆಗುವ ಬದಲಾವಣೆ.

"ಮಂಜುಗಡ್ಡೆ, ಮೇಣ, ತುಕ್ಕು, ಸುಟ್ಟ ಕಾಗದ. ನಾಲ್ಕನ್ನೂ ಹೇಳಿ ಬರೆಸಿದ್ರೆ ಮುಗೀತಲ್ಲ ಪುಟ್ಟಿ?" ಎಂದಳು. ನಲವತ್ತು ದಾಟಿದರೂ ಅವಳಿಗೆ ನಾನು ಪುಟ್ಟಿಯೇ.

"ಮುಗಿಯಲ್ಲ. ನಾಲ್ಕರ ಹಿಂದೆ ಇರೋ ದೊಡ್ಡ ವಿಚಾರ ಏನು? ಅದನ್ನ ಹಿಡಿ."

ಅವಳು ಪೆನ್ನು ಕಚ್ಚುತ್ತಾ ಯೋಚಿಸಿದಳು. "ಕೆಲವು ವಾಪಸ್ ಮೊದಲಿನ ಹಾಗಾಗುತ್ವೆ. ಕೆಲವು ಆಗಲ್ಲ."

"ಅದೇ ಕಣೇ! ಅದನ್ನೇ ಕೇಳು. ಬದಲಾದದ್ದೆಲ್ಲ ಮತ್ತೆ ಮೊದಲಿನ ಹಾಗಾಗುತ್ತಾ ಅಂತ. ಕೇಳಿ ಸುಮ್ಮನಾಗು. ಮಕ್ಕಳೇ ಮಾತಾಡ್ಲಿ."

"ಮಾತಾಡ್ದೇ ಇದ್ರೆ?"

"ಕಾಯ್ತಾ ಇರು. ಏನೇ ಆದ್ರೂ ನೀನು ಉತ್ತರ ಹೇಳ್ಬೇಡ."

ವಾರವಿಡೀ ಅಭ್ಯಾಸ ನಡೆಯಿತು. ನಾನು ವಿದ್ಯಾರ್ಥಿನಿ, ಅವಳು ಮೇಡಂ. ಪ್ರಶ್ನೆ ಕೇಳಿ ಬಾಯಿ ಬಿಗಿಹಿಡಿದು ನಿಂತರೆ ಅವಳ ತುಟಿಗಳು ತಾವಾಗಿಯೇ ಅಲುಗುತ್ತಿದ್ದವು. ಅಣ್ಣ ಒಳಗಿನಿಂದ, "ಮದುವೆಯಾಗಿ ಇಷ್ಟು ವರ್ಷ ನನ್ನ ಕೈಲಿ ಆಗದ್ದನ್ನ ನೀನು ಒಂದೇ ವಾರದಲ್ಲಿ ಮಾಡಿದ್ಯಲ್ಲೇ!" ಎಂದ. ಅವಳೂ ನಕ್ಕಳು. ಕೊನೆಗೆ ಸುಮ್ಮನಿರುವುದನ್ನು ಕಲಿತೇಬಿಟ್ಟಳು. ನನಗೆ ಹೆಮ್ಮೆಯಾಯಿತು.

ಪರಿಶೀಲನೆಯ ದಿನ ಹಿಂದಿನ ಬೆಂಚಿನಲ್ಲಿ ಪರಿಶೀಲಕಿಯ ಪಕ್ಕ ನನಗೂ ಜಾಗ ಕೊಟ್ಟರು. ಯೋಜನೆಗೆ ನೆರವಾದವರು ಕೂರಬಹುದು, ಆದರೆ ಬಾಯಿ ಬಿಟ್ಟರೂ ಸನ್ನೆ ಮಾಡಿದರೂ ಪಾಠ ರದ್ದು. ಮೇಜಿನ ಮೇಲೆ ಲೋಟದಲ್ಲಿ ಮಂಜುಗಡ್ಡೆ, ಪಕ್ಕದಲ್ಲಿ ಮೇಣದಬತ್ತಿ, ತುಕ್ಕು ಹಿಡಿದ ಮೊಳೆ, ತಟ್ಟೆಯಲ್ಲಿ ಕಾಗದದ ಬೂದಿ. ಅತ್ತಿಗೆ ಒಂದೊಂದನ್ನೂ ಎತ್ತಿ ತೋರಿಸಿ, ಚೊಕ್ಕವಾಗಿ ಪ್ರಶ್ನೆ ಕೇಳಿ ನಿಂತಳು.

ಯಾರೂ ಮಾತಾಡಲಿಲ್ಲ.

ಹಿಂದಿನ ವಾರ ನಾನು ಬಂದಾಗ ಇದೇ ಮಕ್ಕಳು ನೀವ್ಯಾರು, ಯಾಕೆ ಬಂದ್ರಿ, ನಿಮ್ಮ ಕನ್ನಡಕ ಯಾಕಿಷ್ಟು ದಪ್ಪ ಎಂದು ನನ್ನ ತಲೆ ತಿಂದಿದ್ದರು. ಇವತ್ತು ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಗೊಂಬೆಗಳಂತೆ ಕೂತಿದ್ದರು. ಅತ್ತಿಗೆ ಇನ್ನೊಮ್ಮೆ ಕೇಳಿದಳು, ಬೇರೆ ಮಾತಿನಲ್ಲಿ ಕೇಳಿದಳು, ಮೊಳೆಯನ್ನು ಒಬ್ಬನ ಕೈಗೇ ಕೊಟ್ಟು ಕೇಳಿದಳು. ಅವನು ಮೊಳೆಯನ್ನು ನೋಡಿ ವಿನಯದಿಂದ ವಾಪಸ್ ಕೊಟ್ಟ. ಮುಂದಿನ ಸಾಲಿನಲ್ಲಿ ಒಂದು ಕೈ ಅರ್ಧ ಮೇಲೆದ್ದಿತು. ಪಕ್ಕದ ಹುಡುಗಿ ಅದನ್ನು ಹಿಡಿದು ಕೆಳಗೆಳೆದಳು.

ಅತ್ತಿಗೆ ನನ್ನತ್ತ ನೋಡಿದಳು. ಹೇಳಿಬಿಡಲಾ ಎಂದು ಆ ಕಣ್ಣು ಕೇಳುತ್ತಿತ್ತು. ನಾನು ತಲೆಯಾಡಿಸುವ ಹಾಗಿರಲಿಲ್ಲ. ನಿಯಮ ಇಲ್ಲದಿದ್ದರೂ ಏನೆಂದು ಸನ್ನೆ ಮಾಡುತ್ತಿದ್ದೆನೋ ಗೊತ್ತಿಲ್ಲ. ಮಾತಾಡಿದರೆ ಹಳೆಯ ತಪ್ಪು, ಮಾತಾಡದಿದ್ದರೆ ಪಾಠವೇ ಇಲ್ಲ. ಮಂಜುಗಡ್ಡೆ ಕರಗಿ ನೀರಾಯಿತು. ಅತ್ತಿಗೆ ನಾನು ಹೇಳಿಕೊಟ್ಟಂತೆಯೇ ಬಾಯಿ ಬಿಗಿಹಿಡಿದು ಗಂಟೆ ಹೊಡೆಯುವವರೆಗೂ ಕಾದಳು.

ಪರಿಶೀಲಕಿಯ ಹಿಂದೆಯೇ ಹೊರಗೆ ಓಡಿದೆ.

"ಕಾಯೋಕೆ ಹೇಳಿದ್ದು ನಾನು ಮೇಡಂ. ತಪ್ಪು ನಂದು."

"ನೀವು ಸರಿಯಾಗೇ ಹೇಳಿದ್ದೀರಿ. ಪ್ರಶ್ನೆಯೂ ತುಂಬಾ ಚೆನ್ನಾಗಿತ್ತು," ಎಂದರು ಆಕೆ. ದನಿಯಲ್ಲಿ ಒರಟುತನವೇ ಇರಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. "ಆದ್ರೆ ಒಂದು ಮಗುವೂ ಬಾಯಿ ಬಿಡ್ಲಿಲ್ಲ. ಪಾಠ ನಡೀತು ಅಂತ ನಾನು ಹೇಗೆ ಬರೀಲಿ?"

"ಇನ್ನೊಂದೇ ಒಂದು ಸಲ..."

"ಎರಡೇ ಸಲ. ನಿಯಮ ಮಾಡಿದ್ದು ನಾನಲ್ಲ."

ತರಗತಿಗೆ ವಾಪಸಾದಾಗ ಮಕ್ಕಳು ಅತ್ತಿಗೆಯನ್ನು ಮುತ್ತಿಕೊಂಡಿದ್ದರು. ಎಲ್ಲರ ಮುಖದಲ್ಲೂ ಗೆದ್ದ ಕಳೆ. ಕೈ ಎಳೆದಿದ್ದ ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಸಂಭ್ರಮ.

"ಮೇಡಂ, ಈ ಸಲ ಪಾಠ ಸರಿ ಹೋಗ್ದಿದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ ಅಂತ ಆಫೀಸಲ್ಲಿ ಮಾತಾಡ್ತಿದ್ರು. ಅದಕ್ಕೇ ಬೆಳಿಗ್ಗೆ ನಾವೆಲ್ಲ ಆಣೆ ಮಾಡಿದ್ವಿ, ಯಾರೂ ತುಟಿ ಪಿಟಕ್ಕನ್ನಬಾರ್ದು ಅಂತ. ಇವಳಿಗೆ ಉತ್ತರ ಗೊತ್ತಿತ್ತು, ಕೈ ಎತ್ತೋಕೆ ಹೋದ್ಲು. ನಾನೇ ಬಿಡ್ಲಿಲ್ಲ. ಚೆನ್ನಾಗಿ ಕೂತಿದ್ವಾ ಮೇಡಂ?"

ಅತ್ತಿಗೆ ಅವಳ ತಲೆ ಸವರಿದಳು.

"ತುಂಬಾ ಚೆನ್ನಾಗಿ ಕೂತಿದ್ರಿ. ಇಷ್ಟು ಚೆನ್ನಾಗಿ ಯಾರೂ ಯಾವತ್ತೂ ಕೂತಿರ್ಲಿಲ್ಲ."

"ಹಾಗಾದ್ರೆ ಮುಂದಿನ ವರ್ಷಾನೂ ನೀವೇ ಅಲ್ವಾ?"

ಮಕ್ಕಳೆಲ್ಲ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದರು. ಅವಳು ನನ್ನ ಮುಖ ನೋಡಿದಳು. ಈಗ ನನ್ನ ಬಾಯಿಗೆ ಯಾವ ನಿಯಮದ ಕಟ್ಟೂ ಇರಲಿಲ್ಲ. ಆದರೂ ಮೇಜಿನತ್ತ ತಿರುಗಿ ಮೇಣದಬತ್ತಿ, ಮೊಳೆ, ಬೂದಿಯ ತಟ್ಟೆಯನ್ನು ಒಂದೊಂದಾಗಿ ಎತ್ತಿಡತೊಡಗಿದೆ.